ಗೋಡೆಯ ಮೇಲಿನ ಸುಟ್ಟ ಸುರುಳಿಗಳು

ಪೀರ್ ಅಹ್ಮದ್ ಕರುಣೆಯಿಲ್ಲದ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಇಲ್ಲಿ ನ್ಯೂಜೆರ್ಸಿಯಲ್ಲಿರುವ ನಮ್ಮ ಜನ ಅವನ ಮಾತೆತ್ತಿದರೆ ಮೊದಲು ಹೇಳುವುದು ಅವನು ಸುಳ್ಳಾಡುವುದಿಲ್ಲ ಎಂದು. ಸುಳ್ಳಾಡುತ್ತಿರಲಿಲ್ಲ, ಸರಿ. ಆದರೆ ಹಿತ್ತಲಿಗೆ ನುಗ್ಗುವ ದನಕ್ಕೆಂದು ಬಾಗಿಲ ಹಿಂದೆ ಕೋಲು ಇಟ್ಟುಕೊಳ್ಳುವವರ ಹಾಗೆ ಅವನು ನಿಜವನ್ನು ಇಟ್ಟುಕೊಂಡಿದ್ದ. ಯಾರ ಬೆನ್ನಿಗೆ ಬಿತ್ತು, ಎಷ್ಟು ಜೋರಾಗಿ ಬಿತ್ತು ಎಂದು ತಿರುಗಿ ನೋಡುತ್ತಿರಲಿಲ್ಲ. ಅಂಥವರನ್ನು ಸತ್ಯವಂತರು ಎಂದು ಕೊಂಡಾಡುವುದು ನನ್ನಿಂದ ಆಗದು.

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಅವನ ತಂದೆಗೆ ಫ್ಯಾನು ಮತ್ತು ಪಂಪುಗಳ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಇತ್ತು. ಮಗ ಸ್ಕೂಲು ಮುಗಿಸಿ ಅಲ್ಲೇ ಕೂತ. ಮೋಟಾರಿನಿಂದ ರೇಡಿಯೋಗೆ ಹೋದ, ರೇಡಿಯೋದಿಂದ ಸಿನಿಮಾ ಟಾಕೀಸುಗಳ ದೊಡ್ಡ ಆಂಪ್ಲಿಫಯರುಗಳಿಗೆ. ಮದುವೆಯಾದ ಮೇಲೆ ಹೆಂಡತಿ ಅನ್ವರಿಯ ಅಣ್ಣ ಇಬ್ಬರನ್ನೂ ನ್ಯೂಜೆರ್ಸಿಗೆ ಕರೆಸಿಕೊಂಡ. ಆಗ ಈ ಕಡೆ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಗಳು ಇನ್ನೂ ಉಳಿದಿದ್ದವು. ಅಂಥದೊಂದರಲ್ಲಿ ಪೀರ್ ಅಹ್ಮದ್ ಇಪ್ಪತ್ತು ವರ್ಷ ದುಡಿದ. ಕಾರ್ಖಾನೆ ಮೆಕ್ಸಿಕೋಗೆ ಎದ್ದುಹೋದಾಗ ಗುಜರಿಗೆ ಹಾಕಲಿದ್ದ ಸುತ್ತುವ ಯಂತ್ರವೊಂದನ್ನು ಬಿಡಿಬಿಡಿಯಾಗಿ ತನ್ನ ಕಾರಿನಲ್ಲಿ ತಂದು, ಇಸೆಲಿನ್‌ನ ಮನೆಯ ಬೇಸ್‌ಮೆಂಟಿನಲ್ಲಿ ಮತ್ತೆ ಜೋಡಿಸಿದ. ಮಗ ಝೀಶಾನ್ ಕ್ರ್ಯಾನ್‌ಬರಿಯ ಗೋದಾಮೊಂದರಲ್ಲಿ ಸೂಪರ್‌ವೈಸರ್. ಅಪ್ಪನ ಕೆಲಸ ಅವನಿಗೆ ಬೇಕಿರಲಿಲ್ಲ. ಅಪ್ಪನೂ ಒತ್ತಾಯ ಮಾಡಲಿಲ್ಲ.

ಕೆಲಸ ಇದು. ಐವತ್ತು ಅರವತ್ತರ ದಶಕದ, ವಾಲ್ವ್ ಅಂದರೆ ಗಾಜಿನ ಟ್ಯೂಬ್‌ಗಳಿರುವ, ಆಂಪ್ಲಿಫಯರುಗಳೆಂದರೆ ಇಲ್ಲಿ ಕೆಲವರಿಗೆ ಹುಚ್ಚು. ಟ್ಯೂಬ್ ಸೌಂಡ್ ಎಂದು ಕಣ್ಣು ಮುಚ್ಚಿ ತಲೆದೂಗುತ್ತಾರೆ. ಆ ಯಂತ್ರಗಳ ಬೆನ್ನ ಮೇಲೆ ಇಟ್ಟಿಗೆಯಂಥ ಕಬ್ಬಿಣದ ಗಡ್ಡೆಗಳಿರುತ್ತವೆ, ಅವೇ ಟ್ರಾನ್ಸ್‌ಫಾರ್ಮರುಗಳು. ವಾಲ್ವ್ ಕೆಟ್ಟರೆ ಬೇರೆ ಸಿಗುತ್ತದೆ. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಸಿಗುವುದಿಲ್ಲ. ಅದನ್ನು ತಯಾರಿಸಿದ ಕಂಪನಿಯೇ ಇಲ್ಲವಾಗಿ ಎಷ್ಟೋ ಕಾಲವಾಗಿರುತ್ತದೆ. ಆಗ ಒಳಗಿನ ಸುರುಳಿಯನ್ನು ಹೊರತೆಗೆದು, ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಬಿಚ್ಚಿ, ಯಾವ ತಂತಿ, ಎಷ್ಟು ಸುತ್ತು, ನಡುವೆ ಎಂಥ ಕಾಗದ ಎಂದು ನೋಡಿಕೊಂಡು ಹಾಗೆಯೇ ಹೊಸದನ್ನು ಸುತ್ತಬೇಕು. ಪೀರ್ ಅಹ್ಮದ್ ಅದನ್ನು ಚೆನ್ನಾಗಿ ಮಾಡುತ್ತಿದ್ದ. ಚೆನ್ನಾಗಿ ಮಾಡುತ್ತೇನೆಂದು ತಾನೇ ದಿನವೂ ಹೇಳಿಕೊಳ್ಳುತ್ತಿದ್ದ.

"ಪೀರ್ ಅಹ್ಮದ್ ಸುತ್ತಿದ ಕಾಯಿಲ್ ವಾಪಸ್ ಬಂದಿಲ್ಲ, ಬರೋದೂ ಇಲ್ಲ. ನಾನು ವಾಪಸ್ ಹೋಗ್ತೀನಿ ಅಲ್ಲಾಹನ ಹತ್ರ, ಅದು ಇಲ್ಲೇ ಇರತ್ತೆ."

ಆದರೆ ಅವನ ಕೈಗೆ ಕೆಲಸ ಒಪ್ಪಿಸುವುದು ಸುಲಭವಾಗಿರಲಿಲ್ಲ. ಬೇಸ್‌ಮೆಂಟಿನ ಮೆಟ್ಟಿಲಿಳಿದವರಿಗೆ ಅವನು ಮೊದಲು ಕೇಳುತ್ತಿದ್ದ ಪ್ರಶ್ನೆ: "ಹೇಗೆ ಸುಟ್ಟಿತು?" ಗೊತ್ತಿಲ್ಲ ಎಂದರೆ, "ಗೊತ್ತಾದ ಮೇಲೆ ಬನ್ನಿ." ತಾನಾಗಿಯೇ ಸುಟ್ಟಿತು ಎಂದರೆ, "ತಾನಾಗೇ ಸುಡೋದು ಹೊಟ್ಟೆ ಮಾತ್ರ." ಯಾರು, ಏನು ಮಾಡಿದರು ಎಂದು ಬಾಯಿಬಿಟ್ಟು ಒಪ್ಪಿಕೊಳ್ಳುವ ತನಕ ಯಂತ್ರವನ್ನು ಮುಟ್ಟುತ್ತಿರಲಿಲ್ಲ. ಒಪ್ಪಿಕೊಂಡ ಮೇಲೆ ಇನ್ನೂ ಕಷ್ಟ. ಬಿಚ್ಚಿದ ಸುಟ್ಟ ಸುರುಳಿಯನ್ನು ಗೋಡೆಯ ಮೊಳೆಗೆ ತೂಗುಹಾಕಿ, ಮುಂದೆ ಬಂದವರಿಗೆಲ್ಲ ಅದರ ಚರಿತ್ರೆ ಹೇಳುತ್ತಿದ್ದ. ಬೇಟೆಗಾರರ ಮನೆಯಲ್ಲಿ ಜಿಂಕೆಯ ತಲೆಗಳಿರುವಂತೆ ಅವನ ಗೋಡೆಯ ತುಂಬ ಸುಟ್ಟ ಸುರುಳಿಗಳು.

"ಇದು ಕಣ್ಣಿನ ಡಾಕ್ಟ್ರುದು. ಸ್ಪೀಕರ್ ಸಿಗಿಸದೆ ಫುಲ್ ವಾಲ್ಯೂಮ್ ಇಟ್ಟಿದ್ರು. ಅವರ ಹತ್ರ ನೀವು ಕಣ್ಣು ತೋರಿಸ್ತೀರಾ? ಇದು ವಕೀಲರದ್ದು. ಹೂವಿನ ಕುಂಡ ಮೇಲಿಟ್ಟು ನೀರು ಹಾಕಿದ್ರು, ದಿನಾ, ಪ್ರೀತಿಯಿಂದ."

ಅದೇ ಗೋಡೆಯ ಮೇಲೆ ನನ್ನ ಗಂಡನದ್ದೂ ಇತ್ತು. ಅವರು ತೀರಿಕೊಂಡ ಮೇಲೆ ಅವರ ವಾಲ್ವ್ ರೇಡಿಯೋವನ್ನು ನಾನು ಅವನಲ್ಲಿಗೆ ಒಯ್ದಿದ್ದೆ. ಫ್ಯೂಸ್ ಪದೇಪದೇ ಹೋಗುತ್ತಿದ್ದುದರಿಂದ ಅವರು ಆ ಜಾಗದಲ್ಲಿ ಸಿಗರೇಟು ಪ್ಯಾಕಿನ ಬೆಳ್ಳಿಕಾಗದ ಸುತ್ತಿ ತುರುಕಿದ್ದರು. ಅದನ್ನು ಹೇಳಿದೆ. ಪೀರ್ ಅಹ್ಮದ್ ರೇಡಿಯೋ ಸರಿಮಾಡಿ ಕೊಟ್ಟ. ಮುಂದಿನ ಸಲ ಹೋದಾಗ ಯಾರೋ ಇಬ್ಬರು ಗಿರಾಕಿಗಳ ಮುಂದೆ ನಿಂತು ಗೋಡೆ ತೋರಿಸುತ್ತಿದ್ದ.

"ಇದು ನಮ್ಮ ಪ್ರೊಫೆಸರಮ್ಮನ ಯಜಮಾನರದ್ದು. ಅಮ್ಮ ಕಾಲೇಜಲ್ಲಿ ಫಿಸಿಕ್ಸ್ ಪಾಠ ಮಾಡಿದ್ರು. ಮನೇಲಿ ಫ್ಯೂಸ್ ಜಾಗದಲ್ಲಿ ಬೆಳ್ಳಿಕಾಗದ! ಯಜಮಾನ್ರು ಹೋಗ್ಬಿಟ್ರು, ಬೇವಕೂಫಿ ಇಲ್ಲೇ ಬಿಟ್ಟು ಹೋಗಿದಾರೆ."

ಎದುರಿಗೆ ನಾನು ನಿಂತಿದ್ದೆ. ಅವನಿಗೆ ನಾಚಿಕೆಯಾಗಲಿಲ್ಲ. ಅದನ್ನು ಇಳಿಸು ಎಂದೆ. "ಯಾಕೆ? ಸುಳ್ಳಾ?" ಎಂದ. ಮೆಟ್ಟಿಲ ಮೇಲೆ ಚಹಾ ಹಿಡಿದು ನಿಂತಿದ್ದ ಅನ್ವರಿ ನನಗೆ ಹೇಳಿದಳು: "ಬಿಡಿ ಆಪಾ. ಇವ್ರಿಗೆ ಕಬ್ಬಿಣ ಸುಟ್ರೆ ಕಣ್ಣಲ್ಲಿ ನೀರು ಬರತ್ತೆ. ಮನುಷ್ಯ ಸುಟ್ಟು ಬಂದ್ರೆ, ಯಾಕೆ ಸುಟ್ಕೊಂಡೆ ಅಂತ ಕೇಳ್ತಾರೆ."

ಎರಡು ಸಾವಿರದ ಎಂಟರ ಶರತ್ಕಾಲದಲ್ಲಿ ವಾಲ್ ಸ್ಟ್ರೀಟ್ ಕುಸಿಯಿತು. ನಮ್ಮ ಮೆಟ್ರೋಪಾರ್ಕ್ ಸ್ಟೇಷನ್ನಿನಿಂದ ಮ್ಯಾನ್‌ಹಟನ್ನಿಗೆ ಹೋಗುವ ಬೆಳಗಿನ ರೈಲುಗಳಲ್ಲಿ ಕೂರಲು ಜಾಗ ಸಿಗತೊಡಗಿತು. ಕೆಲಸ ಹೋದವರು ಮನೆಯಲ್ಲಿದ್ದ ಬೆಲೆಬಾಳುವ ಆಟಿಕೆಗಳನ್ನು ಒಂದೊಂದಾಗಿ ಮಾರಲು ತೆಗೆದರು. ಮಾರುವ ಮುನ್ನ ರಿಪೇರಿಗೆಂದು ಪೀರ್ ಅಹ್ಮದನ ಮೆಟ್ಟಿಲಿಳಿದರು. ಅವನು ಅವರಿಗೂ ಅದೇ ಪ್ರಶ್ನೆ ಕೇಳಿದ, ಈ ಸಲ ಯಂತ್ರದ ಬಗ್ಗೆ ಮಾತ್ರವಲ್ಲ.

ಬೇಸ್‌ಮೆಂಟಿನಲ್ಲಿ ಸಣ್ಣ ಟಿವಿ ಇತ್ತು. ದೊಡ್ಡ ಬ್ಯಾಂಕುಗಳ ಯಜಮಾನರನ್ನು ವಾಷಿಂಗ್ಟನ್ನಿನಲ್ಲಿ ಸಾಲಾಗಿ ಕೂರಿಸಿ ವಿಚಾರಿಸುತ್ತಿದ್ದುದನ್ನು ಅವನು ಯಂತ್ರ ನಿಲ್ಲಿಸಿ ನೋಡುತ್ತಿದ್ದ. ಯಾರಿಗೂ ಮುನ್ಸೂಚನೆ ಇರಲಿಲ್ಲವಂತೆ. ಯಾರೂ ಏನೂ ಮಾಡಿರಲಿಲ್ಲವಂತೆ. ಲಕ್ಷಾಂತರ ಜನರ ಮನೆ ಹೋಗಿತ್ತು, ಆದರೆ ಮುಟ್ಟಿದವರು ಯಾರೂ ಇಲ್ಲ. ನನ್ನ ಮೈ ಉರಿಯುತ್ತಿತ್ತು. ಅವನ ಮೈಯೂ ಉರಿಯುತ್ತಿತ್ತು ಎಂಬುದಷ್ಟೇ ನಮ್ಮಿಬ್ಬರ ನಡುವೆ ಇದ್ದ ಸ್ನೇಹ.

"ನೋಡಿ ಪ್ರೊಫೆಸರಮ್ಮ," ಎಂದ ಒಂದು ದಿನ, "ಫ್ಯೂಸ್ ಜಾಗಕ್ಕೆ ಬೆಳ್ಳಿಕಾಗದ ಇಟ್ಟೋರು ಯಾರು ಅಂತ ಒಬ್ಬ ಹೇಳ್ಲಿ. ಒಬ್ಬ. ನಾನು ಎದ್ದು ಸಲಾಂ ಹೊಡೀತೀನಿ. ನಿಮ್ಮ ಯಜಮಾನರು ವಾಸಿ."

ನಮ್ಮ ಬೀದಿಯಲ್ಲೇ ಅಂಥವನೊಬ್ಬನಿದ್ದ, ಅತುಲ್. ಬೆಂಗಳೂರಿನವನು. ಜನರ ಮನೆಸಾಲಗಳನ್ನು ಕಂತೆ ಕಟ್ಟಿ ಮಾರುವ ವಿಭಾಗದಲ್ಲಿ, ಮ್ಯಾನ್‌ಹಟನ್ನಿನ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದ. ನವೆಂಬರಿನಲ್ಲಿ ಕೆಲಸ ಹೋಯಿತು. ನೀನು ಕಟ್ಟಿದ ಕಂತೆಗಳೊಳಗೆ ಏನಿತ್ತು ಎಂದು ನಿನಗೆ ಗೊತ್ತಿರಲಿಲ್ಲವೇ ಎಂದು ನಾನು ಕೇಳಿದೆ. "ರಿಸ್ಕ್ ಇಲ್ಲ ಅಂತ ಕಂಪ್ಯೂಟರ್ ಮಾಡೆಲ್ ಹೇಳ್ತು ಆಂಟಿ. ಇಟ್ ವಾಸ್ ಸಿಸ್ಟೆಮಿಕ್. ಯಾರನ್ನೂ ಬ್ಲೇಮ್ ಮಾಡೋಕಾಗಲ್ಲ," ಎಂದ. ಪರೀಕ್ಷೆಯಲ್ಲಿ ಹಾಗೆ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ.

ಅವನ ಹೆಂಡತಿ ನಂದಿತಾ ಮೈಸೂರಿನವಳು. ಅವರಿಗೆ ಎರಡು ವರ್ಷದ ಮಗಳು. ಮಗುವನ್ನು ನೋಡಿಕೊಳ್ಳಲು, ಅಡುಗೆಗೆ, ಬಟ್ಟೆಗೆ, ಎಲ್ಲಕ್ಕೂ ಸೇರಿ ನಿಂಗಮ್ಮ ಎಂಬ ಅರವತ್ತರ ಹೆಂಗಸನ್ನು ವಿಸಿಟರ್ ವೀಸಾದಲ್ಲಿ ಕರೆತಂದಿದ್ದರು. ನಂದಿತಾಳ ತಾಯಿಯ ಮನೆಯಲ್ಲಿ ಮೂವತ್ತು ವರ್ಷ ದುಡಿದವಳು. ಗಂಡನಿಲ್ಲ, ಮಕ್ಕಳಿಲ್ಲ. ಆ ಮನೆಯ ಹಿಂದಿನ ಔಟ್‌ಹೌಸ್ ಅವಳ ಮನೆ. ವೀಸಾ ಕೊಡುವವರಿಗೆ ದೂರದ ಅತ್ತೆ ಎಂದು ಹೇಳಿದ್ದರಂತೆ. ಅತ್ತೆ ಎಂದು ಹೇಳಿ ಕರೆತಂದವಳಿಗೆ ಊಟದ ಮೇಜಿನ ಬಳಿ ಒಂದು ಕುರ್ಚಿ ಇರಲಿಲ್ಲ.

ಅತುಲ್ ಬಳಿ ಐವತ್ತರ ದಶಕದ ಒಂದು ಆಂಪ್ಲಿಫಯರ್ ಇತ್ತು. ಕೊಂಡ ಹೊಸದರಲ್ಲೇ, ಎರಡು ಸಾವಿರದ ಆರರಲ್ಲಿ, ಅದರ ಪವರ್ ಟ್ರಾನ್ಸ್‌ಫಾರ್ಮರನ್ನು ಪೀರ್ ಅಹ್ಮದ್ ಹೊಸದಾಗಿ ಸುತ್ತಿಕೊಟ್ಟಿದ್ದ. ಈಗ ಅದನ್ನು ಕೊಳ್ಳಲು ಮ್ಯಾನ್‌ಹಟನ್ನಿನ ಸಂಗ್ರಾಹಕನೊಬ್ಬ ಮನೆಗೇ ಬರುವವನಿದ್ದ. ಪೂರ್ತಿ ಒರಿಜಿನಲ್ ಎಂದು ಅತುಲ್ ಅವನಿಗೆ ಹೇಳಿದ್ದ.

ನಮ್ಮವರ ಮನೆಗಳಲ್ಲಿ ಅಡುಗೆಕಟ್ಟೆಯ ಮಗ್ಗುಲಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಇರುತ್ತದೆ. ಅಮೆರಿಕದ ಗೋಡೆಯ ಕರೆಂಟು ಊರಿನದರ ಅರ್ಧದಷ್ಟು. ಆದರೆ ಊರಿನಿಂದ ಹೊತ್ತು ತಂದ ಮಿಕ್ಸಿಯನ್ನು ನಾವು ಬಿಡುವುದಿಲ್ಲ. ಇಲ್ಲಿಯ ಬ್ಲೆಂಡರಿನಲ್ಲಿ ಚಟ್ನಿ ನುಣ್ಣಗಾಗುವುದಿಲ್ಲವಲ್ಲ. ಅದಕ್ಕೇ ವೋಲ್ಟೇಜನ್ನು ಎರಡು ಪಟ್ಟು ಮಾಡುವ ಆ ಪೆಟ್ಟಿಗೆ. ಅದರ ಸಾಕೆಟ್ಟಿಗೆ ಯಾವ ದೇಶದ ಪ್ಲಗ್ ಬೇಕಾದರೂ ಕೂರುತ್ತದೆ. ಅತುಲ್ ತನ್ನ ಆಂಪ್ಲಿಫಯರನ್ನು ಅಡುಗೆಮನೆಗೂ ಹಾಲಿಗೂ ನಡುವಿನ ಕಟ್ಟೆಯ ಮೇಲೆ, ಬಂದವರಿಗೆ ಕಾಣಲೆಂದು ಇಟ್ಟಿದ್ದ. ಪೆಟ್ಟಿಗೆ ಅದರ ಕೆಳಗೇ ಇತ್ತು.

ಫೆಬ್ರುವರಿಯ ಒಂದು ಶನಿವಾರ ಸಂಗ್ರಾಹಕ ಬಂದ. ಅತುಲ್ ಸ್ವಿಚ್ಚು ಹಾಕಿದ. ಹಾಡು ಬರುವ ಮೊದಲು ಹೊಗೆ ಬಂತು. ಆ ಕಾಲದ ಕೆಲವು ಯಂತ್ರಗಳಂತೆ ಅದಕ್ಕೆ ಫ್ಯೂಸೇ ಇರಲಿಲ್ಲ. ಹತ್ತಿರದಲ್ಲಿದ್ದ ನಿಂಗಮ್ಮ ಕೂಗಿಕೊಂಡು ವೈರು ಕಿತ್ತಳು. ಎಲ್ಲಿಂದ ಕಿತ್ತಳು ಎಂದು ಉಳಿದವರು ನೋಡಲಿಲ್ಲ. ಸಂಗ್ರಾಹಕ ಕೋಟು ಹಾಕಿಕೊಂಡು ಹೊರಟುಹೋದ.

ಅಂದಿನಿಂದ ಆ ಮನೆಯಲ್ಲಿ ವಿಚಾರಣೆ. ನಿಂಗಮ್ಮ ಮಿಕ್ಸಿ ಪೆಟ್ಟಿಗೆಗೆ ಆಂಪ್ಲಿಫಯರಿನ ಪ್ಲಗ್ ಸಿಗಿಸಿರಬೇಕು ಎಂದು ಅತುಲ್. ತಾನು ಮುಟ್ಟಿಲ್ಲ ಎಂದು ನಿಂಗಮ್ಮ. ನಂದಿತಾ ಮೈಸೂರಿಗೆ ಫೋನ್ ಮಾಡಿ ತಾಯಿಗೆ ಹೇಳಿದಳು. ತಾಯಿ ಅಲ್ಲಿಂದಲೇ ತೀರ್ಪು ಕೊಟ್ಟರು: ತಪ್ಪು ಮಾಡಿದ್ದರೆ ಮಾಡಿದ್ದಾಳೆ, ಆದರೆ ಮಾಡಿ ಸುಳ್ಳು ಹೇಳಿದ್ದರೆ ಅವಳು ಮತ್ತೆ ತಮ್ಮ ಔಟ್‌ಹೌಸಿಗೆ ಕಾಲಿಡುವುದು ಬೇಡ. ಮೂವತ್ತು ವರ್ಷ ಅವಳನ್ನು ನಂಬಿ ಬಾಗಿಲು ತೆರೆದು ಬಿಟ್ಟು ಹೋಗುತ್ತಿದ್ದ ಮನೆಯವರು ಆಡಿದ ಮಾತು ಇದು.

ನಂದಿತಾ ನನ್ನ ಬಳಿ ಬಂದು, "ಆಂಟಿ, ಫ್ಲಶಿಂಗ್ ದೇವಸ್ಥಾನಕ್ಕೆ ಕರ್ಕೊಂಡ್ಹೋಗಿ ಗಣೇಶನ ಮುಂದೆ ಆಣೆ ಮಾಡಿಸಿದ್ರೆ ಹೇಗೆ? ದೇವರ ಮುಂದೆ ಸುಳ್ಳು ಹೇಳಲ್ಲ ಅವಳು," ಎಂದಳು.

"ನಿನ್ನ ಗಂಡನನ್ನೂ ಕರ್ಕೊಂಡು ಹೋಗು," ಎಂದೆ. "ಒರಿಜಿನಲ್ ಅಂತ ಆಣೆ ಮಾಡಲಿ."

ಅವಳಿಗೆ ಸಿಟ್ಟು ಬಂತು. ಅತುಲ್ ಮಾತ್ರ ಜಾಣ. ದೇವರೆಲ್ಲ ಬೇಡ, ಪೀರ್ ಅಹ್ಮದ್ ಅಂಕಲ್ ಸಾಕು ಎಂದ. ಕಾಯಿಲ್ ಬಿಚ್ಚಿದರೆ ಅವರಿಗೆ ಗೊತ್ತಾಗುತ್ತದೆ, ಆ ಮನುಷ್ಯ ಯಾರ ಮುಲಾಜಿಗೂ ಸುಳ್ಳು ಹೇಳುವುದಿಲ್ಲ. ಪೀರ್ ಅಹ್ಮದನಿಗೆ ಫೋನ್ ಮಾಡಿದರೆ ಅವನು ತನ್ನ ಕಾನೂನು ಹೇಳಿದ: ಆವತ್ತು ಮನೆಯಲ್ಲಿದ್ದವರೆಲ್ಲ ಬರಬೇಕು, ಭಾನುವಾರ.

ಎರಡು ದಿನ ಮೊದಲು ನಿಂಗಮ್ಮ ಕಸದ ಡಬ್ಬ ಹೊರಗಿಡಲು ಬಂದಾಗ ನಾನು ಹಿಮ ಗುಡಿಸುತ್ತಿದ್ದೆ. ಏನಾಯಿತು ಎಂದು ನೇರವಾಗಿ ಕೇಳಿದೆ.

"ಮನೆಗ್ ಯಾರೋ ದೊಡ್ಡೋರು ಬತ್ತಾರೆ, ಎಲ್ಲ ಒರ್ಸು ಅಂದ್ರು ಕನವ್ವ. ವೈರೆಲ್ಲ ಕಿತ್ತು ಒರ್ಸಿ ತಿರ್ಗಾ ಸಿಗ್ಸ್‌ದೆ. ಯಾವ್ದು ಎಲ್ಲೀದು ಅಂತ ನಂಗೇನ್ ಗೊತ್ತು? ಎಲ್ಲ ಕರ್ರಗೇ ಅವೆ. ಹೊಗೆ ಬಂದಾಗ ಕಿತ್ತು ನೋಡ್ತೀನಿ, ಮಿಕ್ಸಿ ಪೆಟ್ಗೇಲಿತ್ತು. ಜೀವ ಝಲ್ ಅಂತು. ಮುಟ್ನಿಲ್ಲ ಅಂದ್ಬುಟ್ಟೆ."

"ಈಗಲಾದರೂ ಹೇಳಿಬಿಡು."

"ಏಳುದ್ರೆ ನನ್ ಮನೆ ಓಯ್ತದೆ. ಏಳ್ದೆ ಇದ್ರೆ ಆ ಸಾಯ್ಬ್ರು ಏಳ್ತಾರೆ. ಎಲ್ಗೋಗ್ಲಿ ಏಳಿ. ಈ ಮಂಜೊಳಗೆ ಕೂತ್ಕಳ್ಳಾ?"

ಸಂಜೆ ಪೀರ್ ಅಹ್ಮದನಲ್ಲಿಗೆ ಹೋದೆ. ಅವನಿಗೆ ಸುಳ್ಳು ಹೇಳು ಎನ್ನಲು ನಾನು ಹೋಗಲಿಲ್ಲ. ಯಾರಿಗೂ ಹಾಗೆ ಹೇಳಿದವಳಲ್ಲ. ಭಾನುವಾರ ಬರುವವರಲ್ಲಿ ಒಬ್ಬಳು ಬಡ ಹೆಂಗಸಿದ್ದಾಳೆ, ಆಕೆಯ ತಲೆಯ ಮೇಲಿನ ಸೂರು ನಿನ್ನ ಮಾತಿನ ಮೇಲೆ ನಿಂತಿದೆ, ಕಂಡದ್ದನ್ನು ಮೆಲ್ಲಗೆ ಹೇಳು ಎಂದಷ್ಟೇ ಹೇಳಿದೆ.

"ನಿಜಕ್ಕೆ ವಾಲ್ಯೂಮ್ ಕಂಟ್ರೋಲ್ ಇಲ್ಲ ಪ್ರೊಫೆಸರಮ್ಮ," ಎಂದ, ಯಂತ್ರದಿಂದ ತಲೆ ಎತ್ತದೆ. "ಆನ್ ಇದೆ, ಆಫ್ ಇದೆ. ಅಷ್ಟೇ."

"ನಿನಗೆ ಮನುಷ್ಯತ್ವವೂ ಇಲ್ಲ," ಎಂದು ಹೇಳಿ ಮೆಟ್ಟಿಲು ಹತ್ತಿದೆ. ಅವನು ತಂತಿ ಸುತ್ತುತ್ತಲೇ ಇದ್ದ.

ಭಾನುವಾರ ನಾವೆಲ್ಲ ಬೇಸ್‌ಮೆಂಟಿಗೆ ಇಳಿದೆವು; ನಿಂಗಮ್ಮನ ಜೊತೆಗಿರಲೆಂದು ನಾನೂ ಹೊರಟಿದ್ದೆ. ಅತುಲ್ ಆಂಪ್ಲಿಫಯರನ್ನು ಹೆಣದಂತೆ ಕಂಬಳಿಯಲ್ಲಿ ಸುತ್ತಿ ತಂದಿದ್ದ. ನಂದಿತಾ ಮಗುವನ್ನು ಎತ್ತಿಕೊಂಡಿದ್ದಳು. ನಿಂಗಮ್ಮ ನಂದಿತಾಳ ಹಳೆಯ ಜಾಕೆಟ್ಟು ತೊಟ್ಟು, ಕೊನೆಯ ಮೆಟ್ಟಿಲ ಮೇಲೇ ನಿಂತಳು. ಅವಳ ಕಣ್ಣು ಗೋಡೆಯ ಸುರುಳಿಗಳ ಮೇಲಿತ್ತು. ಅವು ಏನೆಂದು ಬರುವಾಗ ಕಾರಿನಲ್ಲಿ ಅತುಲ್ ಅವಳಿಗೆ ಬೇಕೆಂದೇ ವಿವರಿಸಿದ್ದ.

ಪೀರ್ ಅಹ್ಮದ್ ಯಂತ್ರವನ್ನು ಮುಟ್ಟಲಿಲ್ಲ. ಸ್ಟೂಲಿನ ಮೇಲೆ ಕೂತು ಅತುಲ್‌ನನ್ನು ನೋಡಿದ.

"ಇದು ನಾನು ಸುತ್ತಿದ್ದು. ಕೊಳ್ಳೋಕೆ ಬಂದೋರಿಗೆ ಹೇಳಿದ್ರಾ?"

"ಅವರು ಕೇಳ್ಲಿಲ್ಲ ಅಂಕಲ್."

"ಓಹೋ. ಕೆಲಸ ಯಾಕೆ ಹೋಯ್ತು?"

"ಅದಕ್ಕೂ ಇದಕ್ಕೂ ಏನು ಸಂಬಂಧ? ಮಾರ್ಕೆಟ್ ಕ್ರ್ಯಾಶ್ ಆಯ್ತು."

"ಯಾರು ಮಾಡಿದ್ದು?"

"ಯಾರೂ ಅಲ್ಲ. ಇಟ್ ಜಸ್ಟ್ ಹ್ಯಾಪನ್ಡ್."

"ಯಾರೂ ಮುಟ್ಲಿಲ್ಲ," ಎಂದ ಪೀರ್ ಅಹ್ಮದ್. ಆಮೇಲೆ ಮೆಟ್ಟಿಲ ಕಡೆ ತಿರುಗಿದ. "ಅಮ್ಮಾ, ನೀವು ಹೇಳಿ. ಹೇಗೆ ಸುಟ್ಟಿತು?"

"ನಾ ಮುಟ್ನಿಲ್ಲ ಸ್ವಾಮಿ," ಎಂದಳು ನಿಂಗಮ್ಮ.

ಅತುಲ್ ನಕ್ಕ. "ಬಿಚ್ಚಿ ಅಂಕಲ್. ಡಬಲ್ ವೋಲ್ಟೇಜ್ ಹೋಗಿದ್ರೆ ಗೊತ್ತಾಗುತ್ತಲ್ವಾ? ಹೇಳಿಬಿಡಿ. ಮೈಸೂರಲ್ಲಿ ನಮ್ಮತ್ತೆ ಫೋನಿಗೆ ಕಾಯ್ತಾ ಇದಾರೆ."

ಪೀರ್ ಅಹ್ಮದ್ ಸ್ಕ್ರೂ ಬಿಚ್ಚಿದ. ಕಬ್ಬಿಣದ ತಗಡುಗಳನ್ನು ಒಂದೊಂದಾಗಿ ಎಳೆದ. ಸುಟ್ಟ ವಾರ್ನಿಷಿನ ವಾಸನೆ ಕೋಣೆ ತುಂಬಿತು. ಸುರುಳಿಯನ್ನು ಅಂಗೈಯಲ್ಲಿಟ್ಟುಕೊಂಡು ಮೂಸಿದ. ಬ್ಲೇಡಿನಿಂದ ಒಂದು ಕಡೆ ಸೀಳಿ ಪದರ ಎತ್ತತೊಡಗಿದ. ನಾನು ಪಕ್ಕದಲ್ಲೇ ನಿಂತಿದ್ದೆ. ನೋಡಲು ಹೆಚ್ಚೇನೂ ಬೇಕಿರಲಿಲ್ಲ. ಮೊದಲ ಪದರದಿಂದ ಕೊನೆಯ ಪದರದವರೆಗೆ, ಈ ತುದಿಯಿಂದ ಆ ತುದಿಯವರೆಗೆ, ಒಂದೇ ಸಮನಾಗಿ ಕರಿಕಲಾಗಿತ್ತು. ಒಳಗಿನ ದೋಷದಿಂದ ಸುಟ್ಟದ್ದಾದರೆ ಒಂದು ಕಡೆ ಗಾಯದಂತೆ ಕಾಣಬೇಕು. ಹೊರಗಿನಿಂದ ಹೆಚ್ಚು ಕರೆಂಟು ನುಗ್ಗಿದರೆ ಹೀಗೆ ಇಡಿಯಾಗಿ ಬೇಯುತ್ತದೆ. ಪದರಗಳ ನಡುವೆ ಕಾಗದ ಎಲ್ಲೂ ತಪ್ಪಿರಲಿಲ್ಲ. ಕಪ್ಪಾಗಿತ್ತು, ಆದರೆ ಅಂಚಿನಿಂದ ಅಂಚಿಗೆ ಇತ್ತು.

ಅವನು ನನ್ನನ್ನು ನೋಡಲಿಲ್ಲ. ನಿಂಗಮ್ಮನನ್ನೂ ನೋಡಲಿಲ್ಲ. ಟೇಬಲ್ಲಿನ ಮೇಲಿದ್ದ ಎಣ್ಣೆ ಬಟ್ಟೆಯನ್ನು ಸುರುಳಿಯ ಮೇಲೆ ಎಳೆದ.

"ತಪ್ಪು ನಂದು," ಎಂದ.

ಯಾರಿಗೂ ಅರ್ಥವಾಗಲಿಲ್ಲ. ಅನ್ವರಿ ಮೇಲಿನಿಂದ, "ಕ್ಯಾ ಬೋಲೇ?" ಎಂದಳು.

"ಸುತ್ತೋವಾಗ ಒಂದು ಪದರದಲ್ಲಿ ಪೇಪರ್ ಹಾಕೋದು ಬಿಟ್ಟಿದೀನಿ. ತಂತಿಗೆ ತಂತಿ ತಾಗಿ ಸುಟ್ಟಿದೆ. ಯಾವತ್ತಾದ್ರೂ ಒಂದು ದಿನ ಸುಡ್ತಿತ್ತು. ಆವತ್ತು ಸುಟ್ಟಿದೆ. ಆಯಮ್ಮ ಮುಟ್ಟಿಲ್ಲ. ನಿಮ್ಮತ್ತೆಗೆ ಹಾಗೇ ಹೇಳಿ."

"ಆರ್ ಯೂ ಶ್ಯೂರ್? ಪ್ಲಗ್ಗು..."

"ನಲವತ್ತು ವರ್ಷದಿಂದ ಇದನ್ನೇ ನೋಡ್ತಿದೀನಿ. ನೀವು ನಂಗೆ ಹೇಳ್ಕೊಡ್ತೀರಾ?"

ಅತುಲ್‌ಗೆ ತಿರುಗಿ ಬೀಳಲು ಈಗ ಬೇರೊಬ್ಬ ಸಿಕ್ಕ. ಬೈಯತೊಡಗಿದ. ಎಂಥ ಗಿರಾಕಿ ಕೈತಪ್ಪಿ ಹೋದ, ಇಷ್ಟು ದಿನ ಮನೆಯಲ್ಲಿ ಎಂಥ ನರಕ, ಗೋಡೆ ತುಂಬ ಊರವರ ತಪ್ಪು ನೇತುಹಾಕಿ ಮೆರೆಯುತ್ತೀಯಲ್ಲ ಮುದುಕ, ಈಗ ಎಲ್ಲಿ ಹೋಯಿತು ನಿನ್ನ ಜಂಭ. ಅರ್ಧ ಇಂಗ್ಲಿಷು, ಅರ್ಧ ಕನ್ನಡ. ಎದುರು ಮಾತಾಡಿದ ಡಾಕ್ಟರನ್ನೇ ಮೆಟ್ಟಿಲು ಹತ್ತಿಸಿದ್ದ ಪೀರ್ ಅಹ್ಮದ್ ತಲೆ ತಗ್ಗಿಸಿ ಕೇಳಿಸಿಕೊಂಡ. ಕೊನೆಗೆ, "ಹೊಸದು ಸುತ್ತಿಕೊಡ್ತೀನಿ, ತಗೊಂಡ್ಹೋಗಿ," ಎಂದಷ್ಟೇ ಹೇಳಿದ.

ನಿಂಗಮ್ಮ ಮೆಟ್ಟಿಲಿಳಿದು ಬಂದು, ನೆಲಕ್ಕೆ ಬಿದ್ದಿದ್ದ ಸುಟ್ಟ ಕಾಗದದ ಚೂರುಗಳನ್ನು ಆರಿಸಿ ಕಸದ ಬುಟ್ಟಿಗೆ ಹಾಕತೊಡಗಿದಳು. ಯಾರೂ ಹೇಳಿರಲಿಲ್ಲ. "ಬಿಡಿ ಅಮ್ಮಾ," ಎಂದ ಅವನು. ಅವಳು ಬಿಡಲಿಲ್ಲ.

ಎಲ್ಲರೂ ಹೋದ ಮೇಲೆ ನಾನು ಹಿಂದುಳಿದೆ. "ಪೇಪರ್ ಎಲ್ಲ ಪದರದಲ್ಲೂ ಇತ್ತು," ಎಂದೆ.

"ಕನ್ನಡಕ ಬದಲಾಯ್ಸಿ ಪ್ರೊಫೆಸರಮ್ಮ," ಎಂದು ಯಂತ್ರ ಶುರುಮಾಡಿದ. ಅದರ ಸದ್ದಿನಲ್ಲಿ ಮಾತು ಕೇಳುವಂತಿರಲಿಲ್ಲ.

ಮುಂದೆ ಆದದ್ದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ನಿಂಗಮ್ಮ ಏಪ್ರಿಲಿನಲ್ಲಿ ಮೈಸೂರಿಗೆ ಮರಳಿದಳು; ಔಟ್‌ಹೌಸಿನ ಬೀಗದ ಕೈ ಮತ್ತೆ ಅವಳಿಗೇ ಸಿಕ್ಕಿತು. ಅವಳನ್ನು ಅನುಮಾನಿಸಿದ್ದಕ್ಕೆ ಯಾರೂ ಅವಳ ಕ್ಷಮೆ ಕೇಳಲಿಲ್ಲ. ಅತುಲ್ ಹೊಸದಾಗಿ ಸುತ್ತಿಸಿಕೊಂಡ ಯಂತ್ರವನ್ನು ಮತ್ತೊಬ್ಬನಿಗೆ ಒರಿಜಿನಲ್ ಎಂದೇ ಮಾರಿದ. ಜೊತೆಗೆ, ಇಂಥ ಯಂತ್ರಗಳ ಮರುಳಿನವರು ಅಂತರ್ಜಾಲದಲ್ಲಿ ಸೇರುವ ಗುಂಪಿನಲ್ಲಿ ಪೀರ್ ಅಹ್ಮದನ ಹೆಸರು ಹಾಕಿ ಬರೆದ: ಕೈ ನಡುಗುವ ಮುದುಕ, ಕಾಗದ ಹಾಕಲು ಮರೆಯುತ್ತಾನೆ, ತಾನೇ ಒಪ್ಪಿಕೊಂಡಿದ್ದಾನೆ, ಎಚ್ಚರಿಕೆ. ತಾನೇ ಒಪ್ಪಿಕೊಂಡಿದ್ದಾನೆ ಎಂಬುದು ಎಲ್ಲರಿಗೂ ಸಾಕಾಯಿತು. ಈ ದೇಶದಲ್ಲಿ ಆ ವರ್ಷ ತಪ್ಪು ಒಪ್ಪಿಕೊಂಡವರ ಮೇಲೆ ಮಾತ್ರ ಕ್ರಮ ಜರುಗಿತು. ಗಿರಾಕಿಗಳು ವಿರಳವಾದರು. ಅತುಲ್‌ಗೆ ಬೇಸಿಗೆ ಮುಗಿಯುವುದರೊಳಗೆ ಬೇರೊಂದು ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಅದೇ ಕೆಲಸ.

ಝೀಶಾನ್ ಅಪ್ಪನಿಗೆ, ಅವನ ಮೇಲೆ ಕೇಸು ಹಾಕೋಣ ಎಂದನಂತೆ. "ಏನಂತ ಹಾಕ್ತೀಯ? ನಾನು ಹೇಳಿದ್ದನ್ನೇ ಬರ‍್ದಿದಾನೆ," ಎಂದನಂತೆ ಇವನು. ಅನ್ವರಿ ನನ್ನ ಮುಂದೆ ಗೊಣಗಿದಳು: "ನಿಕಾಹ್ ದಿನ ನನ್ನ ಹೆಸರು ಮರ‍್ತಿದ್ರು ಆಪಾ, ಪೇಪರ್ ಮರ‍್ತೋರಲ್ಲ. ಕೇಳಿದ್ರೆ ವಯಸ್ಸಾಯ್ತು ಅಂತಾರೆ." ನಿಜ ಹೇಳಬೇಕಾದವನು ಅವನು, ನಾನಲ್ಲ.

ಎರಡು ಸಾವಿರದ ಹತ್ತರ ವಸಂತದಲ್ಲಿ ನನ್ನ ರೇಡಿಯೋದ ಡಯಲ್ ದಾರ ತುಂಡಾಗಿ ಅವನಲ್ಲಿಗೆ ಹೋದೆ. ವುಡ್‌ಬ್ರಿಡ್ಜ್‌ನ ಒಬ್ಬ ಹೊಸ ಗಿರಾಕಿ, ದಿವಾಕರ ಎಂಬ ಧಾರವಾಡದ ಡಾಕ್ಟರು, ಅಂತರ್ಜಾಲ ಓದದೆ ಬಂದಿದ್ದರು. ಅವರಿಗೆ ಗೋಡೆ ಕಂಡಿತು. "ಇವೇನ್ರೀ ಇವು, ಬಾವಲಿ ತೂಗಿಬಿಟ್ಟಂಗ?" ಎಂದರು.

ಪೀರ್ ಅಹ್ಮದ್ ಹುರುಪಿನಿಂದ ಎದ್ದ. ಕಣ್ಣಿನ ಡಾಕ್ಟರದ್ದು ಹೇಳಿದ. ವಕೀಲರ ಹೂವಿನ ಕುಂಡ ಹೇಳಿದ. ನನ್ನ ಗಂಡನ ಬೆಳ್ಳಿಕಾಗದವನ್ನೂ ಬಿಡಲಿಲ್ಲ, ನನ್ನ ಕಡೆ ಬೆರಳು ತೋರಿಸಿ ಹೇಳಿದ. ದಿವಾಕರ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಸಾಲಿನ ನಡುವೆ, ಎಲ್ಲರ ಕಣ್ಣು ಬೀಳುವ ಎತ್ತರದಲ್ಲಿ ತೂಗುತ್ತಿದ್ದ ಒಂದನ್ನು ಮುಟ್ಟಿ, "ಇದು ಯಾವ ಶಾಣ್ಯಾಂದು?" ಎಂದು ಕೇಳಿದರು.

ಅದು ಅತುಲ್‌ನ ಆಂಪ್ಲಿಫಯರಿನ ಸುರುಳಿ. ನಾನು ಕಾದೆ. ನಿಂಗಮ್ಮ ಮೈಸೂರಿನಲ್ಲಿ ತನ್ನ ಸೂರಿನ ಕೆಳಗಿದ್ದಳು. ಈ ಧಾರವಾಡದವರಿಗೆ ಅತುಲ್ ಯಾರೆಂದೂ ಗೊತ್ತಿಲ್ಲ. ನಿಜ ಹೇಳಿದರೆ ಈಗ ಯಾರಿಗೂ ಏನೂ ಆಗುವಂತಿರಲಿಲ್ಲ, ಅವನ ಹೆಸರು ಉಳಿಯುತ್ತಿತ್ತು, ಅಷ್ಟೇ.

"ಅದಾ?" ಎಂದ ಪೀರ್ ಅಹ್ಮದ್. "ಅದು ನಂದೇ. ಪೇಪರ್ ಹಾಕೋದು ಬಿಟ್ಟಿದ್ದೆ."

ದಿವಾಕರ ಬಗ್ಗಿ ನೋಡಲು ಹೋದರು. ಅವರ ಕಣ್ಣು ತಲುಪುವ ಮೊದಲು ಅವನು ಕೈ ಚಾಚಿ, ಪದರ ಪದರಕ್ಕೂ ಕಾಗದ ಕಾಣುವ ಸೀಳಿದ ಮಗ್ಗುಲು ಗೋಡೆಗೆ ಬರುವಂತೆ ಸುರುಳಿಯನ್ನು ತಿರುಗಿಸಿ ಇಟ್ಟ.